ಏಳದ ಕೈ, ಐದು ನಿಮಿಷದ ಶಿಕ್ಷೆ: ಐಸ್ ಹಾಕಿ ತೀರ್ಪುಗಾರಿಕೆಯ ಒಂದು ಪ್ರಕರಣ ಅಧ್ಯಯನ

ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ ತೀರ್ಪುಗಾರಿಕೆಯನ್ನು ಸುಧಾರಿಸುವ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಬಹುಬೇಗ ತೀರ್ಪುಗಾರರ ಕಣ್ಣಿನ ಮೇಲೆ ಬಂದು ನಿಲ್ಲುತ್ತದೆ: ಅವರಿಗೆ ಕಂಡಿತೇ, ಕಾಣಲಿಲ್ಲವೇ, ಕಂಡರೂ ಸುಮ್ಮನಿದ್ದರೇ ಎಂಬಷ್ಟೇ ಪ್ರಶ್ನೆಗಳು. ಈ ಚೌಕಟ್ಟು ಎಷ್ಟು ಕಿರಿದಾದುದು ಎಂಬುದನ್ನು ತೋರಿಸಲು ನಾನು ಆರಿಸಿಕೊಂಡಿರುವ ಪ್ರಕರಣ ಕಾಲೇಜು ಅಂಗಳದ್ದಲ್ಲ, ವೃತ್ತಿಪರ ನ್ಯಾಷನಲ್ ಹಾಕಿ ಲೀಗ್‌ನದು. ಆದರೆ ಅದರ ಕೇಂದ್ರದಲ್ಲಿದ್ದ ಮೂವರು ಆಟಗಾರರಲ್ಲಿ ಇಬ್ಬರು ಕಾಲೇಜು ಹಾಕಿಯಿಂದಲೇ ಬಂದವರು. ಪಾಲ್ ಸ್ಟ್ಯಾಸ್ನಿ 2005ರಲ್ಲಿ ಡೆನ್ವರ್ ವಿಶ್ವವಿದ್ಯಾಲಯದ ಪರವಾಗಿಯೂ, ಜೋ ಪಾವೆಲ್ಸ್ಕಿ 2006ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪರವಾಗಿಯೂ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದಿದ್ದರು. ಹದಿಮೂರು ವರ್ಷಗಳ ನಂತರ ಅವರಿಬ್ಬರೂ ಒಂದೇ ಫೇಸ್‌ಆಫ್ ವೃತ್ತದ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯಾದ ಪಕ್ಕನ್ನು ಬೀಳಿಸಿ ಆಟ ಶುರುಮಾಡುವ ಜಾಗ) ಬಳಿ ಢಿಕ್ಕಿಯಾದ ಆ ಕ್ಷಣದಿಂದ ಲೀಗ್‌ನ ನಿಯಮ ಪುಸ್ತಕವೇ ಬದಲಾಯಿತು.

2019ರ ಏಪ್ರಿಲ್ 23ರಂದು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದ ಎಸ್‌ಎಪಿ ಸೆಂಟರ್‌ನಲ್ಲಿ ಸ್ಯಾನ್ ಹೋಸೆ ಶಾರ್ಕ್ಸ್ ಮತ್ತು ವೇಗಸ್ ಗೋಲ್ಡನ್ ನೈಟ್ಸ್ ತಂಡಗಳ ನಡುವೆ ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನ ಮೊದಲ ಸುತ್ತಿನ ಏಳನೇ ಪಂದ್ಯ ನಡೆಯುತ್ತಿತ್ತು. ಏಳು ಪಂದ್ಯಗಳ ಸರಣಿಯಲ್ಲಿ ಮೊದಲು ನಾಲ್ಕು ಗೆದ್ದವರು ಮುಂದಿನ ಸುತ್ತಿಗೆ ಹೋಗುವುದರಿಂದ, ಏಳನೆಯದೆಂದರೆ ಸೋತವರು ಮನೆಗೆ ಹೋಗುವ ಪಂದ್ಯ. ವೇಗಸ್ 3–1ರಿಂದ ಮುಂದಿದ್ದ ಸರಣಿಯನ್ನು ಶಾರ್ಕ್ಸ್ ಸತತ ಎರಡು ಗೆಲುವುಗಳಿಂದ ಸಮಕ್ಕೆ ತಂದಿತ್ತು. ಆದರೂ ಆ ರಾತ್ರಿ ಮೂರನೆಯ, ಅಂದರೆ ಕೊನೆಯ ಅವಧಿಯ ಆರಂಭದ ಹೊತ್ತಿಗೆ ವಿಲಿಯಂ ಕಾರ್ಲ್‌ಸನ್, ಕೋಡಿ ಈಕಿನ್ ಮತ್ತು ಮ್ಯಾಕ್ಸ್ ಪ್ಯಾಚಿಯೊರೆಟ್ಟಿ ಹೊಡೆದ ಗೋಲುಗಳಿಂದ ವೇಗಸ್ 3–0 ಮುಂದಿತ್ತು, ಗೋಲ್‌ನಲ್ಲಿ ಮಾರ್ಕ್ ಆಂಡ್ರೆ ಫ್ಲೂರಿ ಇದ್ದರು. ಆಟ ಮುಗಿಯಲು ಹನ್ನೊಂದು ನಿಮಿಷಕ್ಕೂ ಕಡಿಮೆ ಉಳಿದಿತ್ತು.

ಆಗ ನಡೆದದ್ದು ಇಷ್ಟು. ಫೇಸ್‌ಆಫ್‌ನಲ್ಲಿ ಪಕ್ ಬಿದ್ದು ಹೊರಟ ಕೂಡಲೇ ಈಕಿನ್ ಎರಡೂ ಕೈಗಳಲ್ಲಿ ಹಿಡಿದ ಸ್ಟಿಕ್ಕಿನ ನಡುಭಾಗದಿಂದ ಶಾರ್ಕ್ಸ್‌ನ ಪಾವೆಲ್ಸ್ಕಿಯ ಎದೆಗೆ ತಳ್ಳಿದರು; ಇದನ್ನೇ ಕ್ರಾಸ್‌ಚೆಕ್ ಎನ್ನುತ್ತಾರೆ. ಸಮತೋಲ ತಪ್ಪಿ ಹಿಂದಕ್ಕೆ ವಾಲಿದ ಪಾವೆಲ್ಸ್ಕಿಗೆ ಪಕ್ಕದಲ್ಲಿ ಬರುತ್ತಿದ್ದ ವೇಗಸ್‌ನ ಸ್ಟ್ಯಾಸ್ನಿಯ ಮೈ ತಗುಲಿ, ಪಾವೆಲ್ಸ್ಕಿಯ ದೇಹ ತಿರುಚಿಕೊಂಡು, ತಲೆ ನೇರವಾಗಿ ಮಂಜುಗಡ್ಡೆಗೆ ಬಡಿಯಿತು. ಕೆಲವು ಕ್ಷಣ ಅವರು ಅಲುಗಾಡಲಿಲ್ಲ. ಬಿಳಿಯ ಮಂಜಿನ ಮೇಲೆ ರಕ್ತ ಹರಡಿತು. ಸಹ ಆಟಗಾರರು ಅವರನ್ನು ಹಿಡಿದುಕೊಂಡು ಹೊರಗೆ ಕರೆದೊಯ್ದರು.

ಪ್ರಕರಣದ ತಿರುಳು ಇದರ ನಂತರದ್ದು. ಐಸ್ ಹಾಕಿಯಲ್ಲಿ ರೆಫರಿಗೆ ತಪ್ಪು ಕಂಡ ಕೂಡಲೇ ಆತ ಆಟ ನಿಲ್ಲಿಸದೆಯೇ ಒಂದು ಕೈಯನ್ನು ಮೇಲೆತ್ತಿ ಹಿಡಿಯುತ್ತಾನೆ. ತಪ್ಪು ಮಾಡಿದ ತಂಡ ಪಕ್ಕನ್ನು ಮುಟ್ಟಿದಾಗ ಶಿಳ್ಳೆ ಬೀಳುತ್ತದೆ. ಹಾಗಾಗಿ ಮೇಲೆದ್ದ ಕೈ ಎಂದರೆ ಆ ಕ್ಷಣದಲ್ಲೇ ತಪ್ಪನ್ನು ಗುರುತಿಸಿದ್ದಕ್ಕೆ ಸಾವಿರಾರು ಜನರ ಎದುರಿನ ಸಾಕ್ಷಿ. ಈಕಿನ್ ತಳ್ಳಿದಾಗ ರೆಫರಿಗಳಾದ ಡ್ಯಾನ್ ಓಹ್ಯಾಲರನ್ ಮತ್ತು ಎರಿಕ್ ಫರ್ಲಾಟ್ ಇಬ್ಬರ ಕೈಯೂ ಏಳಲಿಲ್ಲ. ಆಟ ನಿಂತು, ಪಾವೆಲ್ಸ್ಕಿ ಬಿದ್ದಲ್ಲೇ ಇದ್ದುದನ್ನು ಕಂಡ ಮೇಲೆ ತೀರ್ಪುಗಾರರು ಒಟ್ಟುಗೂಡಿ ಮಾತಾಡಿ, ಈಕಿನ್‌ಗೆ ಐದು ನಿಮಿಷದ ಮೇಜರ್ ಶಿಕ್ಷೆಯನ್ನೂ ಪಂದ್ಯದಿಂದ ಹೊರಹಾಕುವ ಗೇಮ್ ಮಿಸ್‌ಕಂಡಕ್ಟ್‌ಅನ್ನೂ ವಿಧಿಸಿದರು.

ಹುಲ್ಲಿನ ಹಾಕಿ ಬಲ್ಲವರಿಗೆ ಇಲ್ಲೊಂದು ವಿವರಣೆ ಬೇಕು. ನಮಗೆ ಗೊತ್ತಿರುವ ಹಾಕಿಯಲ್ಲಿ ಹಳದಿ ಕಾರ್ಡ್ ಪಡೆದವನು ಹೊರಗಿರುವಾಗ ಎದುರಾಳಿ ಎಷ್ಟೇ ಗೋಲು ಹೊಡೆದರೂ ಅವನು ತನ್ನ ಅವಧಿ ಮುಗಿಸಿಯೇ ಬರಬೇಕು. ಐಸ್ ಹಾಕಿಯಲ್ಲಿ ಎರಡು ಬಗೆಯಿದೆ. ಎರಡು ನಿಮಿಷದ ಮೈನರ್ ಶಿಕ್ಷೆಯಾದರೆ, ಎದುರಾಳಿ ಒಂದು ಗೋಲು ಹೊಡೆದ ಕೂಡಲೇ ಶಿಕ್ಷೆ ಮುಗಿದು ತಂಡ ಮತ್ತೆ (ಗೋಲ್‌ಕೀಪರ್ ಬಿಟ್ಟು) ಐವರಾಗುತ್ತದೆ. ಮೇಜರ್ ಆದರೆ ಹಾಗಲ್ಲ. ಐದು ನಿಮಿಷವೂ ನಾಲ್ವರೇ ಆಡಬೇಕು, ಗೋಲು ಎಷ್ಟು ಬಿದ್ದರೂ ಸರಿ. ಮೈನರ್‌ಗೆ ಬೆಲೆಯ ಮಿತಿಯಿದೆ, ಮೇಜರ್‌ಗೆ ಇಲ್ಲ. ಆದ್ದರಿಂದ ಎರಡರ ನಡುವಿನ ಆಯ್ಕೆ ರೆಫರಿ ಮಾಡುವ ಆಯ್ಕೆಗಳಲ್ಲೆಲ್ಲ ಅತ್ಯಂತ ಭಾರವಾದುದು, ಮತ್ತು 2019ರ ಆ ವಸಂತದಲ್ಲಿ ವೃತ್ತಿಪರ ಲೀಗ್‌ನ ರೆಫರಿ ಅದನ್ನು ವಿಡಿಯೊದ ನೆರವಿಲ್ಲದೆ, ನೆನಪಿನಿಂದಲೇ ಮಾಡಬೇಕಿತ್ತು. ಪಕ್ ಗೆರೆ ದಾಟಿತೇ ಎಂಬುದಕ್ಕೆ ವಿಡಿಯೊ ಇತ್ತು, ಆಫ್‌ಸೈಡ್‌ಗೆ ಇತ್ತು, ಗೋಲ್‌ಕೀಪರ್‌ಗೆ ಅಡ್ಡಿಯಾಯಿತೇ ಎಂಬುದಕ್ಕೆ ಇತ್ತು. ಒಬ್ಬನನ್ನು ಪಂದ್ಯದಿಂದಲೇ ಹೊರಹಾಕುವ ತೀರ್ಮಾನಕ್ಕೆ ಮಾತ್ರ ಇರಲಿಲ್ಲ.

ಶಾರ್ಕ್ಸ್‌ನ ಲೋಗನ್ ಕುಟೂರ್ ಹತ್ತು ಸೆಕೆಂಡಿನೊಳಗೆ ಮೊದಲ ಗೋಲು ಹೊಡೆದರು. ಒಂದು ನಿಮಿಷ ಕಳೆಯುವ ಮೊದಲೇ ತೊಮಾಶ್ ಹರ್ಟಲ್ ಎರಡನೆಯದನ್ನು ಸೇರಿಸಿದರು. ಮತ್ತೆ ಕುಟೂರ್ ಹೊಡೆದು ಸಮ ಮಾಡಿದರು. ಕೆವಿನ್ ಲಬ್ಯಾಂಕ್ ನಾಲ್ಕನೆಯದನ್ನು ಹೊಡೆದಾಗ ಶಿಕ್ಷೆ ಆರಂಭವಾಗಿ ನಾಲ್ಕು ನಿಮಿಷ ಒಂದು ಸೆಕೆಂಡ್ ಆಗಿತ್ತು; ಉಳಿದ ಮೂರು ಗೋಲುಗಳಿಗೂ ಪಾಸ್ ನೀಡಿದವರಲ್ಲಿ ಲಬ್ಯಾಂಕ್ ಒಬ್ಬರಾಗಿದ್ದರು. 3–0 ಹೋಗಿ 3–4 ಆಯಿತು. ಪಂದ್ಯ ಮುಗಿಯಲು 47 ಸೆಕೆಂಡ್ ಇದ್ದಾಗ ವೇಗಸ್‌ನ ಜೊನಾಥನ್ ಮಾರ್ಶಸೋ ಸಮಬಲ ಸಾಧಿಸಿ ಆಟವನ್ನು ಹೆಚ್ಚುವರಿ ಅವಧಿಗೆ ಒಯ್ದರು. ಅಲ್ಲಿ ಹದಿನೆಂಟು ನಿಮಿಷ ಕಳೆದ ಮೇಲೆ ಬಾರ್ಕ್ಲೇ ಗುಡ್ರೋ ಹೊಡೆದ ಗೋಲಿನಿಂದ ಶಾರ್ಕ್ಸ್ 5–4ರಿಂದ ಗೆದ್ದಿತು.

ನಾಲ್ಕು ಗೋಲು ಬಿಟ್ಟುಕೊಟ್ಟದ್ದು ರೆಫರಿಗಳಲ್ಲ, ವೇಗಸ್ ತಂಡ. ನಾಲ್ವರಾಗಿ ಐದು ನಿಮಿಷ ಕಾಯುವುದು ಕಷ್ಟವಾದರೂ, ಆ ಅವಧಿಯಲ್ಲಿ ನಾಲ್ಕು ಗೋಲು ಬೀಳುವುದು ಅಪರೂಪದ ಕುಸಿತವೇ. ಅದರ ಮೇಲೂ ಅವರಿಗೆ ಹೆಚ್ಚುವರಿ ಅವಧಿಯಲ್ಲಿ ಗೆಲ್ಲುವ ಅವಕಾಶ ಸಿಕ್ಕಿತ್ತು. ಇದನ್ನು ಮೊದಲೇ ಹೇಳುವ ಕಾರಣ, ಫಲಿತಾಂಶದ ಹೊಣೆಯನ್ನೂ ತೀರ್ಪಿನ ಸರಿತಪ್ಪನ್ನೂ ಕಲಸಿಕೊಂಡರೆ ನಾವೂ ಆ ರಾತ್ರಿ ರೆಫರಿಗಳು ಮಾಡಿದ ತಪ್ಪನ್ನೇ ಬೇರೆ ರೂಪದಲ್ಲಿ ಮಾಡಿದಂತಾಗುತ್ತದೆ.

ಆ ತಪ್ಪು ಯಾವುದು? ಪಂದ್ಯದ ನಂತರ ಸರಣಿಯ ತೀರ್ಪುಗಾರಿಕೆ ಮೇಲ್ವಿಚಾರಕರು ರೆಫರಿಗಳ ಪರವಾಗಿ ಪತ್ರಕರ್ತರಿಗೆ ಕೊಟ್ಟ ವಿವರಣೆಯಲ್ಲೇ ಉತ್ತರವಿದೆ. ಗಂಭೀರ ಗಾಯಕ್ಕೆ ಕಾರಣವಾದ ಕ್ರಾಸ್‌ಚೆಕ್ ಅದು, ಕೃತ್ಯ ಮತ್ತು ಅದರ ಪರಿಣಾಮ ಎರಡನ್ನೂ ಪರಿಗಣಿಸಿದಾಗ ಮೇಜರ್ ಶಿಕ್ಷೆಗೆ ಅರ್ಹವೆಂದು ತೀರ್ಪುಗಾರರಿಗೆ ತೋರಿತು ಎಂಬುದು ಅದರ ಸಾರ. ಈಗ ನಿಯಮ ಪುಸ್ತಕವನ್ನು ತೆರೆದು ನೋಡಬೇಕು. ಕ್ರಾಸ್‌ಚೆಕ್‌ಗೆ ಸಂಬಂಧಿಸಿದ 59ನೇ ನಿಯಮ ಮೇಜರ್ ಶಿಕ್ಷೆಯನ್ನು ರೆಫರಿಯ ವಿವೇಚನೆಗೆ ಬಿಡುತ್ತದೆ, ಆದರೆ ಆ ವಿವೇಚನೆಗೆ ಒಂದು ಅಳತೆಗೋಲನ್ನೂ ಕೊಡುತ್ತದೆ: ತಗುಲಿದ ಪೆಟ್ಟು ಎಷ್ಟು ತೀವ್ರ ಎಂಬುದು. ಮೇಜರ್ ಕೊಟ್ಟರೆ ಗೇಮ್ ಮಿಸ್‌ಕಂಡಕ್ಟ್ ತಾನಾಗಿಯೇ ಬರುತ್ತದೆ. ಗಾಯವೇ ಶಿಕ್ಷೆಯನ್ನು ಹೆಚ್ಚಿಸುವ ನಿಯಮಗಳು ಈ ಆಟದಲ್ಲಿ ಇಲ್ಲವೆಂದಲ್ಲ. ಎತ್ತರಕ್ಕೆ ಎತ್ತಿದ ಸ್ಟಿಕ್ ಎದುರಾಳಿಯ ಮುಖಕ್ಕೆ ತಾಗಿ ಗಾಯವಾದರೆ ಎರಡು ನಿಮಿಷದ ಬದಲು ನಾಲ್ಕು ನಿಮಿಷ ಕೊಡುತ್ತಾರೆ, ರೆಫರಿಗಳು ಬಗ್ಗಿ ತುಟಿಯಲ್ಲಿ ರಕ್ತ ಹುಡುಕುವ ದೃಶ್ಯ ಅಲ್ಲಿ ಸಾಮಾನ್ಯ. ಹಾಗೆ ಹುಡುಕಿ ಹುಡುಕಿ ಬೆಳೆದ ಅಭ್ಯಾಸ ಇನ್ನೊಂದು ನಿಯಮದೊಳಕ್ಕೆ ನುಸುಳಿತೇನೋ ಎಂದು ನನಗೆ ಅನ್ನಿಸುವುದುಂಟು. ಏನೇ ಇರಲಿ, ಈಕಿನ್‌ನ ತಳ್ಳುವಿಕೆಯ ತೀವ್ರತೆಯನ್ನು ಅಳೆದದ್ದು ಅದು ನಡೆದ ಕ್ಷಣದಲ್ಲಲ್ಲ. ಮಂಜಿನ ಮೇಲಿನ ರಕ್ತವನ್ನು ಕಂಡು, ಅಲ್ಲಿಂದ ಹಿಂದಕ್ಕೆ ನಡೆದು, ಇಷ್ಟು ಗಾಯವಾಗಿದ್ದರೆ ಪೆಟ್ಟು ಅಷ್ಟೇ ಜೋರಾಗಿರಬೇಕು ಎಂದು ಊಹಿಸಲಾಯಿತು. ವಿಡಿಯೊದಲ್ಲಿ ಕಾಣುವುದು ಬೇರೆ: ಎದೆಗೆ ಬಿದ್ದ ಸಾಧಾರಣ ತಳ್ಳು, ಆಮೇಲೆ ಸ್ಟ್ಯಾಸ್ನಿಯ ಮೈ ತಗುಲಿದ ಆಕಸ್ಮಿಕ, ಕೊನೆಗೆ ತಲೆ ಬಡಿದ ದುರದೃಷ್ಟ. ಮೂರೂ ಸೇರಿ ಆದ ಗಾಯವನ್ನು ಮೊದಲನೆಯದರ ಲೆಕ್ಕಕ್ಕೆ ಬರೆದದ್ದು ಎಡವಟ್ಟು. ಕೆಲವು ದಿನಗಳ ನಂತರ ಪಾವೆಲ್ಸ್ಕಿಯೇ ಅದು ಬಹುಶಃ ಐದು ನಿಮಿಷದ ತಪ್ಪಲ್ಲವೆಂದು, ಆದರೂ ಹಾಗೆ ಕೊಟ್ಟದ್ದು ತಮಗೆ ಸಂತೋಷವೆಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಇಷ್ಟಕ್ಕೇ ನಿಲ್ಲಿಸಿದರೆ ಇಬ್ಬರು ರೆಫರಿಗಳ ಮೇಲೆ ಎಲ್ಲವನ್ನೂ ಹೊರಿಸಿದಂತಾಗುತ್ತದೆ, ಅದು ನ್ಯಾಯವಲ್ಲ. ಫೇಸ್‌ಆಫ್ ಆದ ಕೂಡಲೇ ಇಬ್ಬರು ಆಟಗಾರರು ಒಬ್ಬರನ್ನೊಬ್ಬರು ಸ್ಟಿಕ್ಕಿನಿಂದ ತಳ್ಳಾಡುವುದು ಪ್ರತಿ ಪಂದ್ಯದಲ್ಲೂ ಹತ್ತಾರು ಸಲ ನಡೆಯುತ್ತದೆ, ಮತ್ತು ಅದರಲ್ಲಿ ಬಹುಪಾಲಿಗೆ ಶಿಕ್ಷೆಯೇ ಇರುವುದಿಲ್ಲ. ನಿಯಮ ಪುಸ್ತಕದಲ್ಲಿ ತಪ್ಪೆಂದು ಬರೆದಿರುವುದನ್ನು ಆಟದಲ್ಲಿ ಎಲ್ಲರೂ ಒಪ್ಪಿಕೊಂಡು ನಡೆಸುತ್ತಾರೆ. ಇಂಥ ಕಡೆ ರೆಫರಿಯ ಕೈ ಏಳದಿದ್ದುದು ಅಜಾಗರೂಕತೆಯಲ್ಲ, ರೂಢಿ. ಆದರೆ ನೂರು ಸಲ ನಕ್ಕು ಬಿಟ್ಟ ತಳ್ಳಾಟ ನೂರೊಂದನೇ ಸಲ ಗಾಯದಲ್ಲಿ ಮುಗಿದಾಗ, ಆ ರೂಢಿಗೆ ಉತ್ತರ ಹೇಳಲು ಆಗುವುದಿಲ್ಲ. ಏನೂ ನಡೆಯಲಿಲ್ಲ ಎಂಬಂತೆ ಆಟ ಮುಂದುವರಿಸುವುದು ಸಾಧ್ಯವಿಲ್ಲ, ಎರಡು ನಿಮಿಷ ಕೊಡುವುದು ರಕ್ತದ ಎದುರು ಅಲ್ಪವಾಗಿ ಕಾಣುತ್ತದೆ, ಹೀಗೆ ಶಿಕ್ಷೆ ಸೊನ್ನೆಯಿಂದ ಒಮ್ಮೆಗೇ ಐದಕ್ಕೆ ಜಿಗಿಯುತ್ತದೆ. ಸಣ್ಣ ತಪ್ಪುಗಳಿಗೆ ಸಣ್ಣ ಶಿಕ್ಷೆ ನಿಯತವಾಗಿ ಬೀಳುತ್ತಿದ್ದ ಲೀಗ್‌ನಲ್ಲಿ ಬಹುಶಃ ಈಕಿನ್ ತಳ್ಳುತ್ತಲೇ ಇರಲಿಲ್ಲ. ತಳ್ಳಿದ್ದರೂ ಕೈ ಎದ್ದಿರುತ್ತಿತ್ತು, ಎರಡು ನಿಮಿಷ ಎಂದು ಅಲ್ಲಿಗೇ ಮುಗಿಯುತ್ತಿತ್ತು.

ಹಾಗೆ ಮುಗಿದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ಸುಲಭ. ಕುಟೂರ್ ಅದೇ ಮೊದಲ ಗೋಲನ್ನು ಹೊಡೆದಿದ್ದರೂ ಮೈನರ್ ಶಿಕ್ಷೆ ಆ ಕ್ಷಣವೇ ಕೊನೆಗೊಂಡು, ಅಂಕ 3–1 ಆಗಿ, ಇನ್ನೂ ಹತ್ತು ನಿಮಿಷಕ್ಕೂ ಹೆಚ್ಚು ಕಾಲ ಐವರಿಗೆ ಐವರು ಆಡುತ್ತಿದ್ದರು.

ಪರಿಣಾಮಗಳು ಬೇಗ ಬಂದವು. ಲೀಗ್ ತಮ್ಮ ಬಳಿ ಕ್ಷಮೆ ಕೇಳಿತೆಂದು ವೇಗಸ್‌ನ ಜನರಲ್ ಮ್ಯಾನೇಜರ್ ಜಾರ್ಜ್ ಮಕ್‌ಫೀ ಬಹಿರಂಗವಾಗಿ ತಿಳಿಸಿದರು. ಓಹ್ಯಾಲರನ್ ಮತ್ತು ಫರ್ಲಾಟ್ ಅವರನ್ನು ಎರಡನೇ ಸುತ್ತಿಗೆ ನೇಮಿಸಲಿಲ್ಲ. ಕ್ಷಮೆಯಿಂದ ಪಂದ್ಯ ಮರಳಿ ಬರಲಿಲ್ಲ. ರೆಫರಿಗಳನ್ನು ಮನೆಗೆ ಕಳಿಸಿದ್ದರಿಂದ ಮುಂದಿನ ಸುತ್ತಿನ ರೆಫರಿಗಳಿಗೆ ಹೊಸ ಸಾಧನವೇನೂ ಸಿಗಲಿಲ್ಲ. ಅದೇ ಶಾರ್ಕ್ಸ್ ತಂಡ ಮೇ 15ರಂದು ಸೇಂಟ್ ಲೂಯಿಸ್ ವಿರುದ್ಧದ ಸೆಮಿಫೈನಲ್ ಸರಣಿಯ ಮೂರನೇ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ ಗೆದ್ದದ್ದು ಟೀಮೊ ಮೈಯರ್ ಕೈಯಿಂದ ತಳ್ಳಿದ ಪಕ್ ಗುಸ್ತಾವ್ ನೈಕ್ವಿಸ್ಟ್ ಮೂಲಕ ಎರಿಕ್ ಕಾರ್ಲ್‌ಸನ್ ಅವರಿಗೆ ಸಿಕ್ಕಿ ಗೋಲಾದ ಮೇಲೆ. ಕೈಪಾಸ್ ನಿಯಮಬಾಹಿರ, ಟಿವಿಯ ಮುಂದಿದ್ದವರಿಗೆಲ್ಲ ಅದು ಕಂಡಿತ್ತು. ನಾಲ್ವರು ತೀರ್ಪುಗಾರರು ಸೇರಿ ಮಾತಾಡಿದರು, ಆದರೆ ಕೈಪಾಸ್ ವಿಡಿಯೊ ಪರಿಶೀಲನೆಯ ಪಟ್ಟಿಯಲ್ಲಿ ಇಲ್ಲದ್ದರಿಂದ ಗೋಲು ಉಳಿಯಿತು. ಒಂದೇ ತಿಂಗಳಲ್ಲಿ ಎರಡು ಸಲ, ಕ್ರೀಡಾಂಗಣದಲ್ಲಿ ಅತಿ ಕಡಿಮೆ ಮಾಹಿತಿಯಿದ್ದವರು ಶಿಳ್ಳೆ ಹಿಡಿದವರೇ ಎಂಬ ವಿಚಿತ್ರ ಸ್ಥಿತಿ ಜಗಜ್ಜಾಹೀರಾಯಿತು.

ಜೂನ್‌ನಲ್ಲಿ ನಿಯಮ ಬದಲಾಯಿತು. 2019–20ರ ಋತುವಿನಿಂದ, ಹೊಡೆದಾಟಕ್ಕೆ ಕೊಡುವ ಮೇಜರ್ ಹೊರತುಪಡಿಸಿ ಉಳಿದ ಎಲ್ಲ ಮೇಜರ್ ಶಿಕ್ಷೆಗಳನ್ನು ರೆಫರಿ ವಿಡಿಯೊದಲ್ಲಿ ಪರಿಶೀಲಿಸಲೇಬೇಕು. ನೋಡಿದ ಮೇಲೆ ತನ್ನ ತೀರ್ಮಾನವನ್ನು ಉಳಿಸಿಕೊಳ್ಳಬಹುದಿತ್ತು ಅಥವಾ ಎರಡು ನಿಮಿಷಕ್ಕೆ ಇಳಿಸಬಹುದಿತ್ತು. ಕೈಪಾಸ್‌ನಂಥ, ಆಟ ನಿಲ್ಲಿಸಬೇಕಾಗಿದ್ದ ಆದರೆ ಕಣ್ತಪ್ಪಿದ ಘಟನೆಗಳು ಗೋಲಿಗೆ ದಾರಿಯಾದರೆ ತರಬೇತುದಾರರು ಪ್ರಶ್ನಿಸಲು ಅವಕಾಶ ಬಂತು. ಪ್ರಶ್ನೆ ಸುಳ್ಳಾದರೆ ಆ ತಂಡಕ್ಕೆ ಎರಡು ನಿಮಿಷದ ಶಿಕ್ಷೆ, ಮತ್ತೆ ಸುಳ್ಳಾದರೆ ನಾಲ್ಕು. ಈ ಸುಧಾರಣೆಯಲ್ಲಿ ನನಗೆ ಮೆಚ್ಚುಗೆಯಾದ ಅಂಶವೆಂದರೆ ಮೇಜರ್ ವಿಷಯದಲ್ಲಿ ತೀರ್ಮಾನವನ್ನು ಬೇರೆ ಊರಿನ ಕೊಠಡಿಯಲ್ಲಿ ಕುಳಿತವರಿಗೆ ವರ್ಗಾಯಿಸದೆ, ಆಟವನ್ನು ನಡೆಸುತ್ತಿರುವ ರೆಫರಿಯ ಕೈಯಲ್ಲೇ ಉಳಿಸಿದ್ದು. ಆಟದ ಬಿಸಿ, ಅದಕ್ಕೂ ಮೊದಲು ನಡೆದ ಕೆಣಕಾಟ, ಆಟಗಾರನಿಗೆ ಕೊಟ್ಟಿದ್ದ ಎಚ್ಚರಿಕೆ ಇವೆಲ್ಲ ಗೊತ್ತಿರುವುದು ಆತನಿಗೇ.

ಈಗ ಕಾಲೇಜಿನ ಕಡೆ ಬರಬಹುದು. ಅಲ್ಲೂ ಇಬ್ಬರು ರೆಫರಿಗಳು, ಇಬ್ಬರು ಲೈನ್ಸ್‌ಮನ್‌ಗಳು. ಮೇಜರ್ ಶಿಕ್ಷೆಗೆ ಮುನ್ನ ಪರದೆಯ ಮುಂದೆ ನಿಂತು ನೋಡುವ ರೆಫರಿ ಅಲ್ಲೂ ಈಗ ಪರಿಚಿತ ದೃಶ್ಯ. ಆದರೆ ತೀರ್ಪುಗಾರರನ್ನು ನೇಮಿಸುವುದೂ ಅವರ ಮೇಲ್ವಿಚಾರಣೆ ನಡೆಸುವುದೂ ಆಯಾ ಕಾನ್ಫರೆನ್ಸ್‌ಗಳ (ಒಟ್ಟಾಗಿ ಆಡುವ ಕಾಲೇಜುಗಳ ಒಕ್ಕೂಟಗಳ) ಕೆಲಸ, ಮತ್ತು ಹೆಚ್ಚಿನವರಿಗೆ ಇದು ಪೂರ್ಣಕಾಲಿಕ ವೃತ್ತಿಯಲ್ಲ. ವಾರವಿಡೀ ಬೇರೆ ಉದ್ಯೋಗ ಮಾಡಿ ಶುಕ್ರವಾರ ಸಂಜೆ ಸ್ಕೇಟ್ ಕಟ್ಟುವವರು ಅವರು. ಶಿಕ್ಷೆಯ ತೂಕವೂ ಹೆಚ್ಚು. ವೃತ್ತಿಪರ ಲೀಗ್‌ನಲ್ಲಿ ಹೊಡೆದಾಡಿದವರು ಐದು ನಿಮಿಷ ಕುಳಿತು ಮರಳುತ್ತಾರೆ. ಕಾಲೇಜಿನಲ್ಲಿ ಹೊಡೆದಾಟಕ್ಕೆ ಅನರ್ಹತೆ. ಆ ಪಂದ್ಯವಲ್ಲದೆ ಮುಂದಿನ ಪಂದ್ಯವೂ ಹೋಗುತ್ತದೆ, ಮತ್ತೆ ಅನರ್ಹನಾದರೆ ಹೊರಗಿರಬೇಕಾದ ಪಂದ್ಯಗಳ ಸಂಖ್ಯೆ ಏರುತ್ತಾ ಹೋಗುತ್ತದೆ. 2019ರ ಹೊತ್ತಿಗೆ ವೃತ್ತಿಪರ ತಂಡ ಸಾಮಾನ್ಯ ಋತುವಿನಲ್ಲಿ 82 ಪಂದ್ಯ ಆಡುತ್ತಿದ್ದರೆ ಕಾಲೇಜು ತಂಡಕ್ಕೆ ಸಿಗುವುದು ಮೂವತ್ತನಾಲ್ಕರಷ್ಟು. ಸಾಮಾನ್ಯವಾಗಿ ಒಂದೇ ಎದುರಾಳಿಯೊಂದಿಗೆ ಶುಕ್ರವಾರ ಮತ್ತು ಶನಿವಾರ ಬೆನ್ನುಬೆನ್ನಿಗೆ ಆಡುವ ವ್ಯವಸ್ಥೆಯಲ್ಲಿ, ಶುಕ್ರವಾರ ರಾತ್ರಿ ತಪ್ಪಾಗಿ ಬಿದ್ದ ಅನರ್ಹತೆಯನ್ನು ಶನಿವಾರದೊಳಗೆ ಶಾಂತವಾಗಿ ಕುಳಿತು ವಿಚಾರಿಸಲು ಯಾರಿಗೆ ಸಮಯವಿದೆ? ಇಪ್ಪತ್ತು ಇಪ್ಪತ್ತೊಂದರ ಹುಡುಗನೊಬ್ಬನ ನಾಲ್ಕು ವರ್ಷದ ಕಾಲೇಜು ಆಟದಲ್ಲಿ ಒಂದು ವಾರಾಂತ್ಯ ಸಣ್ಣ ಪಾಲಲ್ಲ.

ಸುರಕ್ಷತೆಯ ವಾದವನ್ನು ಇಲ್ಲಿ ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾಲೇಜು ಆಟಗಾರರು ಮುಖವನ್ನು ಪೂರ್ತಿ ಮುಚ್ಚುವ ಜಾಲರಿ ಅಥವಾ ಕವಚ ಧರಿಸಲೇಬೇಕು, ವೃತ್ತಿಪರರು ಕಣ್ಣಿನವರೆಗಿನ ಕವಚದಲ್ಲಿ ಆಡುತ್ತಾರೆ. ಆದರೆ ಹಿಮ್ಮುಖವಾಗಿ ಬಿದ್ದು ತಲೆಯ ಹಿಂಭಾಗ ಬಡಿದವನಿಗೆ ಜಾಲರಿ ಏನೂ ಮಾಡುವುದಿಲ್ಲ. ಹಾಗಾಗಿ ಗಾಯವಾದಲ್ಲೆಲ್ಲ ಕಠಿಣ ಶಿಕ್ಷೆ ಕೊಟ್ಟುಬಿಟ್ಟರೆ ಆಟಗಾರರು ಜಾಗರೂಕರಾಗುತ್ತಾರೆ ಎನ್ನುವವರಿದ್ದಾರೆ. ಈ ವಾದದ ತೊಡಕು ಅದರ ಇನ್ನೊಂದು ಮುಖದಲ್ಲಿದೆ. ಗಾಯವನ್ನು ನೋಡಿ ಶಿಕ್ಷೆ ಕೊಡುವ ರೆಫರಿ ಗಾಯವಾಗದಿದ್ದಾಗ ಬಿಟ್ಟುಬಿಡುತ್ತಾನೆ. ಎದುರಾಳಿಯನ್ನು ಬೆನ್ನ ಹಿಂದಿನಿಂದ ಬೋರ್ಡಿಗೆ, ಅಂದರೆ ಅಂಗಳದ ಸುತ್ತಲಿನ ಗೋಡೆಗೆ, ಅಪ್ಪಳಿಸಿದವನು, ಎದುರಾಳಿ ಅದೃಷ್ಟವಶಾತ್ ಎದ್ದು ನಿಂತನೆಂಬ ಕಾರಣಕ್ಕೆ, ಎರಡು ನಿಮಿಷದಲ್ಲಿ ಪಾರಾಗುತ್ತಾನೆ. ಆಟಗಾರರಿಗೆ ಕಲಿಸಬೇಕಾದುದು ಕೃತ್ಯದ ಬೆಲೆಯನ್ನು. ಅವರ ಹಿಡಿತದಲ್ಲಿರುವುದು ಅದೊಂದೇ.

ಆದ್ದರಿಂದ ಈ ಪ್ರಕರಣದಿಂದ ಕಾಲೇಜು ಕಾನ್ಫರೆನ್ಸ್‌ಗಳು ಎತ್ತಿಕೊಳ್ಳಬೇಕಾದುದು ಹೆಚ್ಚು ಕ್ಯಾಮೆರಾ ಎಂಬುದಕ್ಕಿಂತ ಮುಂಚಿನ ಒಂದು ಸಂಗತಿ ಎಂದು ನನ್ನ ಅಭಿಪ್ರಾಯ. ಪಾವೆಲ್ಸ್ಕಿ ಬಿದ್ದ ನಂತರ ತೀರ್ಪುಗಾರರು ಒಟ್ಟು ಸೇರಿದ್ದರಲ್ಲಿ ತಪ್ಪಿಲ್ಲ. ಪಕ್ ಬೀಳಿಸುವ ಲೈನ್ಸ್‌ಮನ್ ಘಟನೆಗೆ ಅತಿ ಹತ್ತಿರದಲ್ಲಿರುವವನು, ಮೇಜರ್ ಮಟ್ಟದ ತಪ್ಪನ್ನು ಆತ ರೆಫರಿಗೆ ತಿಳಿಸಬಹುದೆಂದು ನಿಯಮವೇ ಹೇಳುತ್ತದೆ. ಆದರೆ ಆ ಗುಂಪಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಸ್ಟಿಕ್ ಎಲ್ಲಿ ತಗುಲಿತು, ಕೈಗಳು ಎಷ್ಟು ಚಾಚಿದ್ದವು, ಯಾರು ಕಂಡಿರಿ ಎಂಬುದು. ಯಾರೂ ಕಂಡಿಲ್ಲವೆಂದರೆ ಹಾಗೆಂದೇ ಹೇಳುವ ಧೈರ್ಯ ಬೇಕು, ಮತ್ತು ಹಾಗೆ ಹೇಳಿದವರನ್ನು ಕಾನ್ಫರೆನ್ಸ್‌ನ ಮೇಲ್ವಿಚಾರಕರು ಸೋಮವಾರ ಬೆಳಿಗ್ಗೆ ಬೆಂಬಲಿಸಬೇಕು. ಅದಿಲ್ಲದೆ ಪರದೆ ಮಾತ್ರ ಕೊಟ್ಟರೆ, ರಕ್ತ ನೋಡಿ ನಿರ್ಧರಿಸಿದವರು ಅದೇ ನಿರ್ಧಾರಕ್ಕೆ ಪೂರಕವಾದ ಕೋನವನ್ನು ಪರದೆಯಲ್ಲಿ ಹುಡುಕುತ್ತಾರೆ. ನಿಧಾನಗತಿಯ ಚಿತ್ರದಲ್ಲಿ ಯಾವ ತಳ್ಳಾಟವೂ ನಿಜಕ್ಕಿಂತ ಕ್ರೂರವಾಗಿಯೇ ಕಾಣುತ್ತದೆ ಎಂಬುದನ್ನೂ ಮರೆಯಬಾರದು. ಮೊದಲ ನೋಟ ಸಹಜ ವೇಗದಲ್ಲೇ ಇರಬೇಕು.

2019ರ ತಿದ್ದುಪಡಿಯಲ್ಲಿ ಉಳಿದುಹೋದ ಒಂದು ಕಿಂಡಿಯೂ ಇಲ್ಲೇ ಇದೆ. ಅದರ ಪ್ರಕಾರ ಪರದೆ ತೆರೆಯುವುದು ರೆಫರಿ ಮಂಜಿನ ಮೇಲೆ ಮೇಜರ್ ಕೊಟ್ಟ ನಂತರ. ಎರಡೇ ನಿಮಿಷ ಕೊಟ್ಟವನಿಗೆ, ಇಲ್ಲವೇ ಏನನ್ನೂ ಕೊಡದವನಿಗೆ ಪರದೆಯಿಲ್ಲ. ಶಿಕ್ಷೆಯನ್ನು ಇಳಿಸಲು ಆಗ ದಾರಿಯಿತ್ತು, ಪೂರ್ತಿ ತೆಗೆದುಹಾಕಲು ಇರಲಿಲ್ಲ. ಸಂಶಯವಿರುವ ರೆಫರಿಗೆ ಇದು ಹೇಳಿಕೊಡುವ ಪಾಠ ಸರಳ: ಮೊದಲು ಐದು ಕೊಡು, ಆಮೇಲೆ ನೋಡು. ಆ ಏಪ್ರಿಲ್ ರಾತ್ರಿ ಈ ನಿಯಮ ಇದ್ದಿದ್ದರೆ ಈಕಿನ್‌ನ ಐದು ನಿಮಿಷ ಎರಡಕ್ಕೆ ಇಳಿದು, ಆತ ಬೆಂಚಿಗೆ ಮರಳುತ್ತಿದ್ದ. ಆದರೆ ಕೈಯೆತ್ತದ ಇಬ್ಬರು ರೆಫರಿಗಳು, ತಾವು ಕಾಣದ ತಪ್ಪಿಗೆ, ಪರದೆಯ ಬಾಗಿಲು ತೆರೆಯುವುದಕ್ಕಾಗಿಯೇ ಮೊದಲು ಐದು ನಿಮಿಷವನ್ನು ಘೋಷಿಸಬೇಕಾಗಿತ್ತು.